ವಾಹನದ ಬಣ್ಣದ ಮೇಲಿನ ಗೀರುಗಳು: ಕಾರಣ ಮತ್ತು ಉಪಚಾರ

ರಾಯಚೂರು ಕೋಟೆಯ ಪಶ್ಚಿಮ ಗೋಡೆಯಲ್ಲಿ 41 ಅಡಿಗೂ ಮಿಕ್ಕಿದ ಉದ್ದದ ಒಂದೇ ಕಲ್ಲಿನ ಭಾರಿ ಚಪ್ಪಡಿಯೊಂದುಂಟು. ಕಾಕತೀಯರ ಕಾಲದ, 1294ನೆಯ ಇಸವಿಯ ಶಾಸನ ಅದರ ಮೇಲಿದೆ. ಅಷ್ಟು ದೊಡ್ಡ ಕಲ್ಲನ್ನು ಕೋಟೆಗೆ ಸಾಗಿಸಿ ತಂದ ಬಗೆಯನ್ನು ಅಂದಿನವರು ಅಲ್ಲಿಯೇ ರೇಖೆಗಳಲ್ಲಿ ಕೊರೆದು ತೋರಿಸಿದ್ದಾರೆ. ಗಾಲಿಗಳ ಮೇಲೆ ಮಲಗಿಸಿದ ಕಲ್ಲು, ಅದನ್ನು ಎಳೆಯುವ ಕೋಣಗಳ ಸಾಲು, ಹುರಿದುಂಬಿಸುತ್ತಿರುವ ಜನ, ಹಿಂದಿನಿಂದ ಗಾಲಿಗೆ ಸನ್ನೆಗೋಲು ಕೊಡುವ ಆಳುಗಳು: ಇವೆಲ್ಲ ಆ ಚಿತ್ರದಲ್ಲಿವೆ. ಏಳು ಶತಮಾನಗಳ ಬಿಸಿಲು ಮಳೆಗಳಿಗೆ ಆ ಗೆರೆಗಳು ಅಳಿದಿಲ್ಲ. ಅವು ಉಳಿಯಬೇಕೆಂದೇ ಕೊರೆದವರ ಇಚ್ಛೆಯಾಗಿತ್ತು. ಇಂದು ಅದೇ ಊರಿನ ಬೀದಿಗಳಲ್ಲಿ ಓಡಾಡುವ ವಾಹನಗಳ ಮೈಮೇಲೂ ದಿನದಿನವೂ ಗೆರೆಗಳು ಬೀಳುತ್ತಿವೆ. ಅವುಗಳನ್ನು ಯಾರೂ ಬಯಸಿ ಹಾಕಿದುದಲ್ಲ. ಅಳಿಸಬೇಕೆಂದರೂ ಅವು ಸುಲಭವಾಗಿ ಅಳಿಯುವವಲ್ಲ.

ಶ್ರೀಮಠಗಳ ಆಶ್ರಯದಲ್ಲಿ ನಡೆಯುವ ವಿದ್ಯಾಸಂಸ್ಥೆಗಳಿಗೆ ಈ ವಿಷಯ ಅಪ್ರಸ್ತುತವೆಂದು ತೋರಬಹುದು. ಆದರೆ ಇಂತಹ ಸಂಸ್ಥೆಗಳ ಶಾಲಾ ಬಸ್ಸು, ಜೀಪು, ದಾಸೋಹದ ಧಾನ್ಯ ತರುವ ಟ್ರ್ಯಾಕ್ಟರು ಮೊದಲಾದವು ಅನೇಕ ವೇಳೆ ಭಕ್ತರ ಕಾಣಿಕೆಯಿಂದ ಬಂದವು. ಹಳೆಯ ವಿದ್ಯಾರ್ಥಿಗಳು ಸೇರಿ ಕೊಡಿಸಿದ ವಾಹನವೊಂದು ಮೂರನೆಯ ವರ್ಷಕ್ಕೇ ಮಂಕಾಗಿ, ಹತ್ತು ವರ್ಷ ಓಡಿದಂತೆ ಕಂಡರೆ ಕೊಟ್ಟವರಿಗೂ ನೋವು, ನಡೆಸುವವರಿಗೂ ಸಂಕೋಚ. ವಿಚಾರಿಸಿ ನೋಡಿದರೆ ಅಪಘಾತವೂ ಆಗಿರುವುದಿಲ್ಲ, ಅಲಕ್ಷ್ಯವೂ ಇರುವುದಿಲ್ಲ. ಚಾಲಕನು ಪ್ರತಿದಿನ ಮುಂಜಾನೆ ತಪ್ಪದೆ, ಶ್ರದ್ಧೆಯಿಂದ, ಒಣ ಅರಿವೆಯಿಂದ ಅದನ್ನು ಒರಸಿರುತ್ತಾನೆ. ಆ ಶ್ರದ್ಧೆಯೇ ಗೀರುಗಳಿಗೆ ಮುಖ್ಯ ಕಾರಣವೆಂಬುದನ್ನು ಒಪ್ಪಲು ಯಾರಿಗೂ ಮನಸ್ಸು ಬಾರದು. ಆದುದರಿಂದ ಕಾರಣವನ್ನು ಬುಡದಿಂದ ತಿಳಿಯುವುದು ಅಗತ್ಯ.

ವಾಹನದ ಬಣ್ಣವೆಂದು ಕಣ್ಣಿಗೆ ಕಾಣುವುದು ಒಂದೇ ಪದರವಲ್ಲ. ಈಗಿನ ಕಾರುಗಳಲ್ಲಿ ಉಕ್ಕಿನ ತಗಡಿನ ಮೇಲೆ ಮೊದಲಿಗೆ ತುಕ್ಕನ್ನು ತಡೆಯುವ ತೆಳುವಾದ ಲೇಪ. ಅದರ ಮೇಲೆ ಮೈಯನ್ನು ಸಮ ಮಾಡುವ ಪ್ರೈಮರ್. ಬಳಿಕ ನಿಜವಾದ ಬಣ್ಣ. ಎಲ್ಲಕ್ಕೂ ಮೇಲೆ ಗಾಜಿನಂತೆ ಪಾರದರ್ಶಕವಾದ, ಬಣ್ಣವಿಲ್ಲದ ಹೊರ ಪದರ. ಈ ಹೊರ ಪದರವನ್ನು ವರ್ಕ್‌ಷಾಪಿನವರು ಕ್ಲಿಯರ್ ಕೋಟ್ ಎನ್ನುತ್ತಾರೆ. ಹೊಳಪನ್ನು ಕೊಡುವುದೂ, ಬಿಸಿಲಿನ ಅತಿನೇರಳೆ ಕಿರಣಗಳಿಂದ ಒಳಗಿನ ಬಣ್ಣವನ್ನು ಕಾಯುವುದೂ ಅದೇ. ಇವೆಲ್ಲವೂ ಕೂಡಿ ಸಾಮಾನ್ಯವಾಗಿ 100ರಿಂದ 130 ಮೈಕ್ರಾನ್ ದಪ್ಪವಿರುತ್ತವೆ. ಮೈಕ್ರಾನ್ ಎಂದರೆ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಮನುಷ್ಯನ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪವೆಂದು ಇಟ್ಟುಕೊಂಡರೆ, ವಾಹನದ ಎಲ್ಲ ಬಣ್ಣವೂ ಸೇರಿ ಎರಡು ಕೂದಲೆಳೆಗಳಷ್ಟು ದಪ್ಪವೂ ಇಲ್ಲವೆಂದಾಯಿತು. ಹೊರಗಿನ ಪಾರದರ್ಶಕ ಪದರದ ಪಾಲು ಸುಮಾರು 40 ಮೈಕ್ರಾನ್. ಅಂದರೆ ಅರ್ಧ ಕೂದಲೆಳೆಗಿಂತ ತುಸು ಹೆಚ್ಚು. ವಾಹನದ ಒಡೆಯನು ಆಯುಷ್ಯವಿಡೀ ವ್ಯಯಿಸಬಹುದಾದ ಬಂಡವಾಳ ಇಷ್ಟೇ.

ಹಿಂದಿನ ತಲೆಮಾರಿನವರಿಗೆ ನೆನಪಿರುವ ಅಂಬಾಸಿಡರ್, ಪದ್ಮಿನಿ ಕಾರುಗಳ ಸಂಗತಿ ಬೇರೆ. ಅಮೆರಿಕದ ಡ್ಯುಪಾಂಟ್ ಸಂಸ್ಥೆ 1923ರಲ್ಲಿ ಡ್ಯೂಕೊ ಎಂಬ ಬೇಗನೆ ಒಣಗುವ ಬಣ್ಣವನ್ನು ಬಳಕೆಗೆ ತಂದಿತು. ಅದಕ್ಕೆ ಮೊದಲು ಕುಂಚದಿಂದ ಬಳಿಯುತ್ತಿದ್ದ ವಾರ್ನಿಷುಗಳು ಪದರ ಪದರವಾಗಿ ಒಣಗಲು ವಾರಗಳೇ ಹಿಡಿಯುತ್ತಿದ್ದವು. ಆ ಹೆಸರು ನಮ್ಮ ನಾಡಿನ ಬಣ್ಣಗಾರರ ಬಾಯಲ್ಲಿ ಎಷ್ಟು ನೆಲೆಯೂರಿತೆಂದರೆ, ಯಾವ ಬಣ್ಣವನ್ನು ಸಿಂಪಡಿಸಿದರೂ ಅದನ್ನು ಡ್ಯೂಕೊ ಎಂದೇ ಕರೆಯುವ ರೂಢಿ ಬಹುಕಾಲ ನಡೆದುಬಂದಿತು. ಹಳೆಯ ವಾಹನಗಳಲ್ಲಿ ಮೇಲಿನಿಂದ ಪ್ರೈಮರ್‌ವರೆಗೂ ಒಂದೇ ಬಣ್ಣವಿದ್ದುದರಿಂದ ಮೇಲೆ ತುಸು ಉಜ್ಜಿ ತೆಗೆದರೆ ಕೆಳಗಿನಿಂದ ಹೊಸ ಬಣ್ಣವೇ ಹೊರಬರುತ್ತಿತ್ತು. ಈ ಅನುಭವದಿಂದ ಬಂದ ಧಾರಾಳದ ಉಜ್ಜುವಿಕೆಯನ್ನು ಈಗಿನ ವಾಹನದ ಮೇಲೆ ಪ್ರಯೋಗಿಸುವುದು ಅಪಾಯಕರ. ಪಾರದರ್ಶಕ ಪದರ ಸವೆದು ಹೋದಲ್ಲಿ ಬಿಸಿಲು ನೇರವಾಗಿ ಬಣ್ಣವನ್ನು ತಾಕುತ್ತದೆ. ಕೆಲವು ಬೇಸಗೆಗಳಲ್ಲಿಯೇ ಆ ಭಾಗ ಬಿಳಿಚಿಕೊಂಡು, ಈರುಳ್ಳಿಯ ಸಿಪ್ಪೆಯಂತೆ ಏಳತೊಡಗುತ್ತದೆ. ಬೇಸಗೆಯಲ್ಲಿ ತಾಪಮಾನ 40 ಡಿಗ್ರಿಯನ್ನು ದಾಟುವ ರಾಯಚೂರಿನಂತಹ ಊರಿನಲ್ಲಿ ಇದು ಉಪೇಕ್ಷಿಸುವ ಮಾತಲ್ಲ.

ಈಗ ಗೀರಿನ ಸ್ವರೂಪವನ್ನು ನೋಡಬಹುದು. ಗೀರನ್ನು ‘ತೆಗೆಯುವುದು’ ಎಂದು ವಾಡಿಕೆಯಲ್ಲಿ ಹೇಳುತ್ತಾರೆ. ಈ ಮಾತೇ ಅನೇಕರನ್ನು ದಾರಿ ತಪ್ಪಿಸುತ್ತದೆ. ಕೊಳೆಯಂತೆ ಅಂಟಿಕೊಂಡಿದ್ದರೆ ತೆಗೆಯಬಹುದಿತ್ತು. ಗೀರು ಒಂದು ತಗ್ಗು. ಅಲ್ಲಿದ್ದ ಪದಾರ್ಥ ಆಗಲೇ ಹೊರಟುಹೋಗಿದೆ. ಅದನ್ನು ಕಾಣದಂತೆ ಮಾಡಲು ಇರುವ ಹಾದಿಗಳು ಎರಡೇ. ತಗ್ಗನ್ನು ಏನಾದರೊಂದರಿಂದ ತುಂಬಬೇಕು; ಇಲ್ಲವೆ ಸುತ್ತಲಿನ ದಿನ್ನೆಯನ್ನು ತಗ್ಗಿನ ಮಟ್ಟಕ್ಕೆ ಇಳಿಸಬೇಕು. ಮೊದಲನೆಯದು ತಾತ್ಕಾಲಿಕ. ಎರಡನೆಯದು ಶಾಶ್ವತವಾದರೂ ಪ್ರತಿ ಸಲವೂ ಆ 40 ಮೈಕ್ರಾನಿನ ಬಂಡವಾಳದಿಂದ ಒಂದಿಷ್ಟನ್ನು ಕಳೆಯುತ್ತದೆ.

ಪಾರದರ್ಶಕ ಪದರದಲ್ಲಿ ಬಣ್ಣವೇ ಇಲ್ಲದಿರುವಾಗ ಅದರ ಮೇಲಿನ ಗೀರು ಬೆಳ್ಳಗೆ ಕಾಣುವುದೇಕೆ? ನುಣುಪಾದ ಮೈ ಕನ್ನಡಿಯಂತೆ ಬೆಳಕನ್ನು ಒಂದೇ ದಿಕ್ಕಿಗೆ ಮರಳಿಸುತ್ತದೆ. ಗೀರಿನ ಒರಟು ಅಂಚುಗಳು ಅದನ್ನು ನಾನಾ ದಿಕ್ಕಿಗೆ ಚದುರಿಸುತ್ತವೆ. ಸಕ್ಕರೆಯ ಹರಳು ಪಾರದರ್ಶಕವಾಗಿದ್ದು ಪುಡಿ ಮಾಡಿದಾಗ ಬೆಳ್ಳಗಾಗುವುದು ಇದೇ ಕಾರಣಕ್ಕೆ. ಕಪ್ಪು, ಕಡುನೀಲಿ ವಾಹನಗಳ ಮೇಲೆ ಚದುರಿದ ಬೆಳಕು ಎದ್ದು ಕಾಣುತ್ತದೆ. ಬಿಳಿ ಮತ್ತು ಬೆಳ್ಳಿಯ ಬಣ್ಣಗಳ ಮೇಲೆ ಅಷ್ಟೇ ಗೀರುಗಳಿದ್ದರೂ ಮರೆಯಾಗಿರುತ್ತವೆ. ಗೀರಿನ ಮೇಲೆ ನೀರು ಸುರಿದ ಕೂಡಲೇ ಅದು ಮಾಯವಾಗಿ, ಒಣಗಿದ ಮೇಲೆ ಮತ್ತೆ ಕಾಣಿಸಿಕೊಳ್ಳುವುದನ್ನು ಹಲವರು ಗಮನಿಸಿರಬಹುದು. ಬೆಳಕನ್ನು ಬಾಗಿಸುವ ಗುಣದಲ್ಲಿ ಗಾಳಿಗಿಂತ ನೀರು ಬಣ್ಣದ ಪದರಕ್ಕೆ ಹತ್ತಿರ. ತಗ್ಗಿನಲ್ಲಿ ನೀರು ನಿಂತಾಗ ಬೆಳಕು ಅಷ್ಟಾಗಿ ಚದುರುವುದಿಲ್ಲ. ಇದು ಕೇವಲ ಕೌತುಕವಲ್ಲ, ಒಳ್ಳೆಯ ಪರೀಕ್ಷೆಯೂ ಹೌದು. ನೀರು ಹಾಕಿದಾಗ ಪೂರ್ತಿ ಮರೆಯಾಗುವ ಗೀರು ಬಹುಮಟ್ಟಿಗೆ ಹೊರ ಪದರಕ್ಕೇ ಸೀಮಿತವಾದುದು.

ಬಿಸಿಲಿನಲ್ಲಿ ಬಾನೆಟ್ಟಿನ ಮೇಲೆ ಸೂರ್ಯನ ಪ್ರತಿಬಿಂಬವನ್ನು ನೋಡಿದರೆ ಅದರ ಸುತ್ತ ಜೇಡರ ಬಲೆಯಂತೆ ವರ್ತುಲಾಕಾರದ ಸಣ್ಣ ಗೆರೆಗಳು ಕಾಣುವುದುಂಟು. ವೃತ್ತಾಕಾರದಲ್ಲಿ ಒರಸಿದ್ದರಿಂದಲೇ ಅವು ಹಾಗಾದವೆಂದು ಬಗೆಯುವುದು ತಪ್ಪು. ಗೆರೆಗಳು ಎಲ್ಲ ದಿಕ್ಕಿನಲ್ಲಿಯೂ ಹರಡಿರುತ್ತವೆ. ಬೆಳಕಿನ ಸುತ್ತ ಅಡ್ಡಡ್ಡವಾಗಿ ಬಿದ್ದವು ಮಾತ್ರ ಕಣ್ಣಿನ ಕಡೆಗೆ ಹೊಳೆಯುತ್ತವೆ. ನೋಡುವವನು ಒಂದು ಹೆಜ್ಜೆ ಸರಿದರೆ ಬಲೆಯೂ ಅವನೊಂದಿಗೆ ಸರಿಯುತ್ತದೆ. ಅದರರ್ಥ, ಗೀರುಗಳು ಬಾನೆಟ್ಟಿನ ಎಲ್ಲೆಡೆಯೂ ಇವೆ.

ಇಷ್ಟೊಂದು ಗೀರುಗಳು ಬರುವುದು ಎಲ್ಲಿಂದ? ಜರ್ಮನಿಯ ಖನಿಜಶಾಸ್ತ್ರಜ್ಞ ಫ್ರೀಡ್ರಿಕ್ ಮೋಸ್ 1812ರಲ್ಲಿ ಖನಿಜಗಳ ಗಡಸುತನಕ್ಕೆ ಒಂದರಿಂದ ಹತ್ತರವರೆಗಿನ ಮಾನವೊಂದನ್ನು ರೂಪಿಸಿದನು. ಹೆಚ್ಚು ಗಡಸಾದುದು ಕಡಿಮೆ ಗಡಸಾದುದನ್ನು ಗೀರುತ್ತದೆಂಬುದೇ ಅದರ ಆಧಾರ. ಹೈಸ್ಕೂಲಿನ ವಿಜ್ಞಾನದ ಉಪಾಧ್ಯಾಯರಿಗೆ ಇದು ಚಿರಪರಿಚಿತ. ಕೈಬೆರಳಿನ ಉಗುರು ಆ ಮಾನದಲ್ಲಿ ಸುಮಾರು ಎರಡೂವರೆ, ಕಿಟಕಿಯ ಗಾಜು ಸುಮಾರು ಐದೂವರೆ, ಬೆಣಚುಕಲ್ಲು ಏಳು. ರಾಯಚೂರು ಜಿಲ್ಲೆಯ ನೆಲದಡಿಯಲ್ಲಿರುವುದು ಬಹುಮಟ್ಟಿಗೆ ಗ್ರಾನೈಟ್ ಮತ್ತು ಅದೇ ಜಾತಿಯ ಶಿಲೆಗಳು. ಅವು ಶಿಥಿಲವಾದಾಗ ಉಳಿದ ಖನಿಜಗಳು ಮಣ್ಣಾದರೂ ಬೆಣಚು ಮಾತ್ರ ಕರಗದೆ ಹರಳಾಗಿಯೇ ಉಳಿಯುತ್ತದೆ. ಕೃಷ್ಣೆಯ ಮರಳಿನಲ್ಲಿಯೂ, ಹಳ್ಳಿಯ ಹಾದಿಯ ಧೂಳಿನಲ್ಲಿಯೂ ಇರುವುದು ಅದೇ. ವಾಹನದ ಮೇಲೆ ಕುಳಿತ ಧೂಳಿನ ಪದರವೆಂದರೆ ಬಣ್ಣಕ್ಕಿಂತ ಬಹಳ ಗಡಸಾದ, ಚೂಪು ಮೂಲೆಗಳ ಅಸಂಖ್ಯ ಹರಳುಗಳು. ಕುಳಿತಿರುವವರೆಗೆ ಅವು ನಿರುಪದ್ರವಿಗಳು. ಒಣ ಅರಿವೆಯಿಂದ ಒತ್ತಿ ಎಳೆದ ಕ್ಷಣದಿಂದ ಪ್ರತಿಯೊಂದು ಹರಳೂ ಒಂದೊಂದು ಉಳಿಯಾಗಿ ಕೆಲಸ ಮಾಡುತ್ತದೆ.

ಒಂದೊಂದು ಸೀಮೆಗೆ ಒಂದೊಂದು ಬಗೆಯ ಧೂಳು. ದೇವದುರ್ಗದ ಕಡೆಯ ಹಾದಿಗಳಲ್ಲಿ ಮರಳು ಸಾಗಿಸುವ ಲಾರಿಗಳ ಹಿಂದೆ ಸಾಗುವ ವಾಹನಕ್ಕೆ ಉದುರುವ ಮರಳಿನ ಉಪದ್ರವ. ಅದರೊಂದಿಗೆ ಇಕ್ಕೆಲಗಳಿಂದ ರಸ್ತೆಗೆ ಚಾಚಿಕೊಂಡಿರುವ ಬಳ್ಳಾರಿ ಜಾಲಿಯ ಮುಳ್ಳುಕೊಂಬೆಗಳು, ಎದುರಿನ ಗಾಡಿಗೆ ದಾರಿ ಬಿಡುವಾಗ ಮಗ್ಗುಲಿನುದ್ದಕ್ಕೂ ಗೀಚುತ್ತವೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಾವರಿಯಿಂದ ಭತ್ತದ ನಾಡಾದ ಮಾನ್ವಿಯಲ್ಲಿ ಸುಗ್ಗಿಯ ಕಾಲದ ಹೊಟ್ಟು ಮತ್ತು ಹುಲ್ಲಿನ ದೂಳು. ಹೊಟ್ಟು ಮೃದುವೆಂದು ತೋರಿದರೂ ಅದನ್ನು ಸುಟ್ಟರೆ ತೂಕದ ಸುಮಾರು ಐದನೆಯ ಒಂದು ಪಾಲು ಬೂದಿ ಉಳಿಯುತ್ತದೆ. ಆ ಬೂದಿಯ ಬಹುಭಾಗ ಸಿಲಿಕ, ಅಂದರೆ ಬೆಣಚಿನ ಮೂಲದ್ರವ್ಯವೇ. ಭತ್ತದ ಗದ್ದೆಯಲ್ಲಿ ದುಡಿದವರ ಕೈಕಾಲುಗಳ ತುರಿಕೆಯನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಇನ್ನು ರಾಯಚೂರಿನ ಸಮೀಪ, 1985ರಲ್ಲಿ ವಿದ್ಯುತ್ ಉತ್ಪಾದನೆ ಆರಂಭಿಸಿದ ಶಕ್ತಿನಗರದ ಶಾಖೋತ್ಪನ್ನ ಕೇಂದ್ರದ ಕಲ್ಲಿದ್ದಲಿನ ಹಾರುಬೂದಿಯುಂಟು. ಬೂದಿ ಹೊತ್ತ ಲಾರಿಗಳು ಓಡಾಡುವ ರಸ್ತೆಯ ಬದಿಯಲ್ಲಿ ನಿಂತ ವಾಹನದ ಮೇಲೆ ಕೂರುವ ಆ ನುಣ್ಣನೆಯ ಪುಡಿಯ ಕಣಗಳು ಸಿಲಿಕ ಮತ್ತು ಅಲ್ಯೂಮಿನಗಳ ಗಾಜಿನಂತಹ ಗುಂಡುಗಳು. ಬೆರಳಿಗೆ ಮುಖದ ಪೌಡರಿನಂತೆ ಹತ್ತುವುದೆಂದು ಅದನ್ನು ಒಣಗಿದಂತೆಯೇ ಒರಸಿಬಿಡುವವರು ಬಹಳ.

ಬೂದಿಯ ಮಾತು ಬಂದುದರಿಂದ ಇನ್ನೊಂದು ವಿಚಾರ. ನಮ್ಮ ಮನೆಗಳಲ್ಲಿ ಹಿತ್ತಾಳೆ ತಾಮ್ರದ ಪಾತ್ರೆಗಳನ್ನು ಹುಣಸೆಹಣ್ಣು ಮತ್ತು ಬೂದಿಯಿಂದ ತಿಕ್ಕಿ ಫಳಫಳಿಸುವುದು ತಲತಲಾಂತರದ ಪದ್ಧತಿ. ಹುಳಿಯು ಕಿಲುಬನ್ನು ಕರಗಿಸುತ್ತದೆ, ಬೂದಿಯು ಉಜ್ಜುತ್ತದೆ, ಪಾತ್ರೆ ಹೊಳೆಯುತ್ತದೆ. ಪಾತ್ರೆಯ ತಗಡು ಮಿಲಿಮೀಟರಿನ ಲೆಕ್ಕದ್ದು. ತಲೆಮಾರುಗಟ್ಟಲೆ ತಿಕ್ಕಿದರೂ ಅದಕ್ಕೆ ಭಯವಿಲ್ಲ. ತಿಕ್ಕಿದಷ್ಟೂ ಹೊಳಪು ಎಂಬ ಆ ಗೃಹಾನುಭವವನ್ನು ಮೈಕ್ರಾನಿನ ಲೆಕ್ಕದ ಬಣ್ಣಕ್ಕೆ ಅನ್ವಯಿಸಿದಾಗ ಮಾತ್ರ ಅನರ್ಥವಾಗುತ್ತದೆ. ಆಯುಧಪೂಜೆಯ ದಿನ ವಾಹನಕ್ಕೆ ಧರಿಸುವ ವಿಭೂತಿ ಕುಂಕುಮಗಳನ್ನೂ ಮರುದಿನ ಒಣಗಿದಂತೆ ಉಜ್ಜದೆ, ನೀರು ಹಾಕಿ ನೆನೆಯಿಸಿ ತೊಳೆಯುವುದು ಲೇಸು. ಅಂದು ಚೆಂಡುಹೂವಿನ ಹಾರವನ್ನು ತಂತಿಯಿಂದ ಬಿಗಿಯುವ ರೂಢಿಯಿದೆ. ಊರೆಲ್ಲ ಸುತ್ತುವ ಹೊತ್ತಿಗೆ ಆ ತಂತಿಯ ತುದಿ ಬಾನೆಟ್ಟಿನ ಮೇಲೆ ತನ್ನ ಗುರುತನ್ನು ಬರೆದಿರುತ್ತದೆ. ಹತ್ತಿಯ ದಾರ ಸಾಕು.

ಶಾಲೆಯ ಆವರಣದಲ್ಲಿಯೇ ನಡೆಯುವ ಮತ್ತೊಂದು ಬರವಣಿಗೆಯನ್ನು ಇಲ್ಲಿ ಬಿಡುವಂತಿಲ್ಲ. ಧೂಳು ಮುಸುಕಿದ ಬಸ್ಸಿನ ಮೇಲೆ ಮಕ್ಕಳು ಬೆರಳಿನಿಂದ ತಮ್ಮ ಹೆಸರನ್ನೋ ಗೆಳೆಯನ ಅಡ್ಡಹೆಸರನ್ನೋ ಬರೆಯುವುದು ಎಲ್ಲ ಊರಿನ ನೋಟ. ತೊಳೆದರೆ ಹೋಗುವುದೆಂದು ದೊಡ್ಡವರೂ ನಕ್ಕು ಸುಮ್ಮನಾಗುತ್ತಾರೆ. ತೊಳೆದ ಮೇಲೆ ಸಂಜೆಯ ಓರೆ ಬಿಸಿಲಿನಲ್ಲಿ ನೋಡಿದರೆ ಆ ಅಕ್ಷರಗಳು ಹಾಗೆಯೇ ಓದಿಸಿಕೊಳ್ಳುತ್ತವೆ. ಬೆರಳು ಮೃದುವೇ, ಆದರೆ ಅದರಡಿಯ ಬೆಣಚಿನ ಹರಳು ಮೃದುವಲ್ಲ. ಇದಕ್ಕಾಗಿ ಮಕ್ಕಳನ್ನು ದಂಡಿಸುವುದಕ್ಕಿಂತ ಹಳೆಯ ಗಾಜಿನ ತುಂಡೊಂದರ ಮೇಲೆ ಚಿಟಿಕೆ ಮರಳಿಟ್ಟು ಮರದ ತುಂಡಿನಿಂದ ಉಜ್ಜಿ ತೋರಿಸುವುದು ಹೆಚ್ಚು ಫಲಕಾರಿ. ಮೋಸ್‌ನ ಮಾನದ ಪಾಠವೂ ಅದರೊಂದಿಗೇ ಆಗುತ್ತದೆ.

ಉಪಚಾರಕ್ಕೆ ಮೊದಲು ನಿದಾನ ಬೇಕು. ವಾಹನವನ್ನು ತೊಳೆದು ಒಣಗಿಸಿ, ಗೀರಿಗೆ ಅಡ್ಡವಾಗಿ ಉಗುರನ್ನು ಮೆಲ್ಲನೆ ಎಳೆದು ನೋಡುವುದು ಕಸಬುದಾರರ ರೂಢಿ. ಉಗುರು ತಡೆಯದೆ ಜಾರಿದರೆ ಗೀರು ಹಗುರವಾದುದು, ಕೈಯಿಂದಲೇ ಸರಿಪಡಿಸಬಹುದು. ಉಗುರು ಸಿಕ್ಕಿಕೊಂಡರೆ ಆಳವಾದುದು. ಅದನ್ನು ಉಜ್ಜಿ ಸಮ ಮಾಡಹೊರಟರೆ ಪದರವೇ ತೀರಿಹೋಗುವ ಸಂಭವ. ಗೀರಿನ ತಳದಲ್ಲಿ ಬೂದು ಬಣ್ಣವೋ ಉಕ್ಕಿನ ಹೊಳಪೋ ಕಂಡರೆ ಅಲ್ಲಿ ಪಾಲಿಷಿನ ಕೆಲಸವೇ ಇಲ್ಲ. ಇನ್ನು ಕೆಲವು ಗುರುತುಗಳು ಗೀರುಗಳೇ ಅಲ್ಲ. ಗೋಡೆಗೋ ಇನ್ನೊಂದು ವಾಹನಕ್ಕೋ ಒರೆಸಿದಾಗ ಅದರ ಬಣ್ಣವೇ ಇದಕ್ಕೆ ಹತ್ತಿರುತ್ತದೆ. ಅರಿವೆಗೆ ತುಸು ಸೀಮೆಎಣ್ಣೆ ಮುಟ್ಟಿಸಿ ಒರಸಿ ಸೋಪಿನ ನೀರಿನಿಂದ ತೊಳೆದರೆ ಅಂತಹವು ಎಷ್ಟೋ ಸಲ ಹೊರಟುಹೋಗಿ, ಒಡೆಯನ ಹಣ ಉಳಿಯುತ್ತದೆ.

ಹಗುರ ಗೀರನ್ನು ಸಮ ಮಾಡುವ ತತ್ತ್ವ ಹೊಸದೇನಲ್ಲ. ಲಿಂಗಸೂಗೂರು ತಾಲ್ಲೂಕಿನ ಮುದಗಲ್ಲಿನ ಬಳಿಯ ಪಿಕ್ಲಿಹಾಳದಲ್ಲಿ ಎಫ್. ಆರ್. ಆಲ್ಚಿನ್ ಅವರು ನಡೆಸಿದ ಉತ್ಖನನದ ವರದಿ 1960ರಲ್ಲಿ ಪ್ರಕಟವಾಯಿತು. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಈ ಸೀಮೆಯಲ್ಲಿ ದನ ಕಾಯ್ದುಕೊಂಡಿದ್ದ ನವಶಿಲಾಯುಗದ ಜನ ಕಲ್ಲಿನ ಕೊಡಲಿಗಳನ್ನು ಮೊದಲು ಚಕ್ಕೆ ಎಬ್ಬಿಸಿ, ಬಳಿಕ ಕುಟ್ಟಿ, ಆಮೇಲೆ ಅರೆದು, ಕಡೆಗೆ ನಯಗೊಳಿಸುತ್ತಿದ್ದರು. ಒಂದು ಹಂತದ ಒರಟು ಗೆರೆಗಳನ್ನು ಮುಂದಿನ ಹಂತದ ನವಿರು ಗೆರೆಗಳಿಂದ ಅಳಿಸುತ್ತ ಹೋಗಿ, ಗೆರೆಗಳು ಕಣ್ಣಿಗೆ ಕಾಣದಷ್ಟು ಸಣ್ಣವಾದಾಗ ನಿಲ್ಲಿಸುವುದೇ ಅದರ ಮರ್ಮ. ಇಂದಿನ ಪಾಲಿಷೂ ಅದನ್ನೇ ಮಾಡುತ್ತದೆ. ಅಂಗಡಿಯಲ್ಲಿ ದೊರೆಯುವ ರಬ್ಬಿಂಗ್ ಕಾಂಪೌಂಡ್ ಒರಟು, ಪಾಲಿಷ್ ನವಿರು, ವ್ಯಾಕ್ಸ್ ಉಜ್ಜುವುದೇ ಇಲ್ಲ, ತಗ್ಗನ್ನು ತುಂಬಿ ಮೇಲೊಂದು ಹೊದಿಕೆಯಾಗುತ್ತದೆ. ಕಲ್ಲಿನ ಕೊಡಲಿಯವರು ಒರಟಿನಿಂದ ಆರಂಭಿಸಿದರು. ಅವರಿಗೆ ಕಲ್ಲಿನ ಕೊರತೆಯಿರಲಿಲ್ಲ. ವಾಹನದ ವಿಷಯದಲ್ಲಿ ನವಿರಿನಿಂದಲೇ ಆರಂಭಿಸಿ, ಅದು ಸಾಲದೆಂದು ಖಚಿತವಾದ ಮೇಲೆ ಮಾತ್ರ ಒರಟಿಗೆ ಕೈಹಾಕುವುದು ವಿವೇಕ.

ಕೆಲಸವನ್ನು ನೆರಳಿನಲ್ಲಿ, ತಗಡು ಮುಟ್ಟಿದರೆ ತಣ್ಣಗಿರುವಾಗ ಮಾಡಬೇಕು. ಬಿಸಿ ತಗಡಿನ ಮೇಲೆ ಪಾಲಿಷ್ ಉಜ್ಜುವ ಮೊದಲೇ ಒಣಗಿ, ತೆಗೆಯಹೋದಾಗ ಹೊಸ ಗೀರುಗಳನ್ನು ಕೊಡುತ್ತದೆ. ರಾಯಚೂರಿನ ಬೇಸಗೆಯಲ್ಲಿ ಮುಂಜಾನೆ ಏಳರ ಒಳಗಿನ ಹೊತ್ತೇ ಯೋಗ್ಯ. ಗೀರಿನ ಸುತ್ತ ಅಂಗೈಯಗಲದ ಜಾಗವನ್ನು ಮಾತ್ರ ಆರಿಸಿಕೊಂಡು, ಶುಭ್ರವಾದ ಮೈಕ್ರೋಫೈಬರ್ ಅರಿವೆಯ ಮೇಲೆ, ಅದು ಇಲ್ಲದಲ್ಲಿ ಚೆನ್ನಾಗಿ ಒಗೆದ ಹಳೆಯ ಧೋತರದ ಹೊಲಿಗೆಯಿಲ್ಲದ ತುಂಡಿನ ಮೇಲೆ, ತೊಗರಿಕಾಳಿನಷ್ಟು ಪಾಲಿಷ್ ತೆಗೆದುಕೊಂಡು, ಮೆಲುವಾದ ಒತ್ತಡದಿಂದ ನೇರವಾಗಿ ಹಿಂದೆ ಮುಂದೆ ಉಜ್ಜಬೇಕು. ಇಪ್ಪತ್ತು ಮೂವತ್ತು ಸಲವಾದ ಮೇಲೆ ಒರಸಿ, ಓರೆ ಬೆಳಕಿನಲ್ಲಿ ನೋಡಬೇಕು. ಗೀರಿನ ಅಂಚುಗಳು ದುಂಡಗಾಗಿ ಹೊಳಪು ಮರಳಿದ್ದರೆ ಅಲ್ಲಿಗೇ ನಿಲ್ಲಿಸತಕ್ಕದ್ದು. ಗೀರಿನ ತಳವನ್ನು ಮುಟ್ಟುವವರೆಗೂ ಉಜ್ಜಲೇಬೇಕೆಂಬ ಹಟ ಸಲ್ಲದು. ಮುಕ್ಕಾಲು ಪಾಲು ಮರೆಯಾದ ಗೀರನ್ನು ನಾಲ್ಕು ಹೆಜ್ಜೆ ದೂರದಿಂದ ಯಾರೂ ಕಾಣರು. ಬಾಗಿಲಿನ ಅಂಚು, ಬಾನೆಟ್ಟಿನ ಏಣುಗಳಲ್ಲಿ ಬಣ್ಣ ಮೊದಲೇ ತೆಳು, ಮೇಲಾಗಿ ಕೈಯ ಒತ್ತಡವೆಲ್ಲ ಅಲ್ಲಿಯೇ ಬೀಳುತ್ತದೆ. ಆ ಭಾಗಗಳನ್ನು ಬಿಟ್ಟುಬಿಡುವುದೇ ಕ್ಷೇಮ. ಹೊಳಪಿಲ್ಲದ ಮ್ಯಾಟ್ ಬಣ್ಣದ ವಾಹನಗಳಿಗಂತೂ ಪಾಲಿಷ್ ಕೂಡದು; ಉಜ್ಜಿದಲ್ಲಿ ಮಾತ್ರ ಹೊಳೆದು ಕಲೆಯಂತೆ ಕಾಣುವುದು. ಕಡೆಗೆ ವ್ಯಾಕ್ಸಿನ ತೆಳು ಲೇಪ.

ಅರಿವೆಯ ಮೇಲೆ ವಾಹನದ ಬಣ್ಣವೇ ಬಂದರೆ ಗಾಬರಿಯಾಗದೆ ವಿಚಾರಿಸಬೇಕು. ಕಾರಿನಲ್ಲಿ ಹಾಗಾದರೆ ಪಾರದರ್ಶಕ ಪದರ ತೀರಿತೆಂದರ್ಥ. ಇಲ್ಲವೆ ಆ ಭಾಗಕ್ಕೆ ಹಿಂದೆ ಬೇರೆ ಬಣ್ಣ ಹಚ್ಚಿರಬೇಕು. ಸ್ಥಳೀಯವಾಗಿ ಮೈ ಕಟ್ಟಿಸಿದ ಬಸ್ಸು, ಟ್ರೇಲರುಗಳಿಗೆ ಪಾರದರ್ಶಕ ಪದರವಿಲ್ಲದ ಎನಾಮೆಲ್ ಬಣ್ಣವೇ ಇರುವುದು ಸಾಮಾನ್ಯ; ಶಾಲಾ ಬಸ್ಸಿನ ಹಳದಿ ಅರಿವೆಗೆ ಹತ್ತುವುದರಲ್ಲಿ ಅಚ್ಚರಿಯಿಲ್ಲ. ಇಲ್ಲಿ ಒಂದು ಎಚ್ಚರ. ಇಂತಹ ವಾಹನಗಳ ಮೇಲೆ ಶ್ರೀಮಠದ ಹೆಸರು, ಶಾಲೆಯ ಹೆಸರು, ಕಾಣಿಕೆಯಿತ್ತವರ ಹೆಸರುಗಳನ್ನು ಕಲಾವಿದನು ಕುಂಚದಿಂದ ಬರೆದಿರುತ್ತಾನೆ. ಆ ಅಕ್ಷರಗಳ ಮೇಲೆ ಕಾಂಪೌಂಡ್ ಹಾಕಿ ಉಜ್ಜಿದರೆ ಗೀರಿಗಿಂತ ಮುಂಚೆ ಮಾಸುವುದು ದಾನಿಯ ಹೆಸರೇ! ಅಂಟಿಸಿದ ಸ್ಟಿಕ್ಕರ್ ಅಕ್ಷರಗಳಾದರೆ ಅಂಚು ಎದ್ದು, ಅದರಡಿಯಲ್ಲಿ ಬಿಳಿಯ ಪುಡಿ ಸೇರಿಕೊಳ್ಳುತ್ತದೆ. ಅಕ್ಷರಗಳ ಸುತ್ತ ನಾಲ್ಕು ಬೆರಳಿನಷ್ಟು ಜಾಗವನ್ನು ನೀರಿನ ಹೊರತು ಬೇರೇನೂ ಮುಟ್ಟಿಸದೆ ಬಿಡಬೇಕು.

ಮನೆಮದ್ದುಗಳ ಮಾತು ಚಿಕ್ಕದು. ಹಲ್ಲಿನ ಪೇಸ್ಟಿನಲ್ಲಿ ನವಿರಾದ ಸುಣ್ಣದ ಅಥವಾ ಸಿಲಿಕದ ಪುಡಿಯಿರುವುದರಿಂದ ಅತಿ ಹಗುರ ಗೀರುಗಳಿಗೆ ಅದು ಒಂದಿಷ್ಟು ಕೆಲಸ ಮಾಡುವುದು ನಿಜ. ಆದರೆ ಕಣಗಳ ಗಾತ್ರ ಬಣ್ಣಕ್ಕೆಂದು ಆಯ್ದುದಲ್ಲ. ಹಲ್ಲುಪುಡಿಯನ್ನು ಬಳಸಲೇಬಾರದು. ಕೊಬ್ಬರಿಎಣ್ಣೆ ಹಚ್ಚಿದಾಗ ಗೀರು ಮಾಯವಾದಂತೆ ಕಾಣುವುದು ನೀರಿನ ಪರೀಕ್ಷೆಯಲ್ಲಿ ಹೇಳಿದ ಕಾರಣದಿಂದಲೇ. ಎಣ್ಣೆಗೆ ಧೂಳು ಮೆತ್ತಿಕೊಂಡು ಎರಡೇ ದಿನಕ್ಕೆ ಮೊದಲಿಗಿಂತ ಕಡೆಯಾಗುತ್ತದೆ. ಯಂತ್ರದಿಂದ ಇಡೀ ವಾಹನಕ್ಕೆ ಪಾಲಿಷ್ ಮಾಡಿಕೊಡುವ ಅಂಗಡಿಗಳು ಈಗ ತಾಲ್ಲೂಕಿನ ಊರುಗಳಲ್ಲಿಯೂ ಉಂಟು. ಬಲ್ಲವನ ಕೈಯಲ್ಲಿ ಅದರಿಂದ ಒಳ್ಳೆಯ ಫಲವುಂಟು. ಆದರೆ ಪ್ರತಿ ಹಬ್ಬಕ್ಕೊಮ್ಮೆ ಮಾಡಿಸುವುದು ವಾಹನವನ್ನು ಹಬ್ಬ ಹಬ್ಬಕ್ಕೂ ತೆಳುವಾಗಿಸಿದಂತೆಯೇ ಸರಿ. ಹಗುರ ಪಾಲಿಷಿಗೆ ಒಂದೆರಡು ಮೈಕ್ರಾನ್ ಹೋದರೆ, ಒರಟು ಕಾಂಪೌಂಡಿಗೆ ಅದರ ಹಲವು ಪಟ್ಟು ಹೋಗುತ್ತದೆ.

ಉಕ್ಕು ಕಾಣುವ ಗೀರಿನಲ್ಲಿ ಮಾತ್ರ ತಡ ಸಲ್ಲದು. ಬೇಸಗೆಯಲ್ಲಿ ಅದು ಸುಮ್ಮನಿದ್ದು, ಮೃಗಶಿರೆಯ ಮಳೆ ಬಿದ್ದೊಡನೆ ತುಕ್ಕು ಹಿಡಿದು ಬಣ್ಣದ ಅಡಿಯಲ್ಲಿಯೇ ಹರಡತೊಡಗುತ್ತದೆ. ವಾಹನದ ಬಣ್ಣದ ಸಂಕೇತಸಂಖ್ಯೆ ಬಾಗಿಲಿನ ಚೌಕಟ್ಟಿನಲ್ಲೋ ಬಾನೆಟ್ಟಿನ ಅಡಿಯಲ್ಲೋ ಇರುವ ಪಟ್ಟಿಯ ಮೇಲೆ ಬಹುಮಟ್ಟಿಗೆ ದೊರೆಯುತ್ತದೆ. ಅದನ್ನು ತೋರಿಸಿ ಸಣ್ಣ ಶೀಶೆಯ ಟಚ್‌ಅಪ್ ಬಣ್ಣವನ್ನು ತಂದು, ಗೀರಿನ ತಗ್ಗಿಗಷ್ಟೇ ಸಣ್ಣ ಕುಂಚದಿಂದ ತೆಳುವಾಗಿ ಎರಡು ಮೂರು ಸಲ ತುಂಬಬೇಕು. ಅಂದ ಕಡಿಮೆಯಾದರೂ ತಗಡು ಉಳಿಯುತ್ತದೆ. ಬಂಪರುಗಳು ಈಗ ಪ್ಲಾಸ್ಟಿಕ್ಕಿನವು. ಅವಕ್ಕೆ ತುಕ್ಕಿನ ಭಯವಿಲ್ಲ, ಅವಸರವೂ ಬೇಡ. ಮೋಟರ್‌ಸೈಕಲ್ಲಿನ ಪೆಟ್ರೋಲ್ ಟ್ಯಾಂಕಿನ ಗೀರುಗಳು ಬಹುತೇಕ ಸವಾರನ ಬೆಲ್ಟಿನ ಬಕ್ಕಲಿನಿಂದ ಬಂದವು. ಟ್ಯಾಂಕಿಗೊಂದು ರೆಕ್ಸಿನ್ ಕವರ್ ಹಾಕುವುದು ವಾಡಿಕೆ. ಆ ಕವರಿನ ಅಡಿಯಲ್ಲಿ ಸೇರುವ ಧೂಳನ್ನು ವಾರಕ್ಕೊಮ್ಮೆ ತೊಳೆಯದಿದ್ದರೆ ಅದೇ ಸಾಣೆಯಾಗುತ್ತದೆ.

ಉಳಿದುದು ತೊಳೆಯುವ ಕ್ರಮ. ಮೊದಲು ಒರಸದೆಯೇ ಮೇಲಿನಿಂದ ನೀರು ಸುರಿದು ಧೂಳನ್ನು ಇಳಿಸಬೇಕು. ಎರಡು ಬಕೀಟುಗಳಿರಬೇಕು, ಒಂದರಲ್ಲಿ ವಾಹನಕ್ಕೆಂದೇ ಇರುವ ಶ್ಯಾಂಪೂ ಕಲಸಿದ ನೀರು, ಇನ್ನೊಂದರಲ್ಲಿ ಅರಿವೆಯನ್ನು ಜಾಲಿಸುವ ತಿಳಿನೀರು. ಒಂದೇ ಬಕೀಟಾದರೆ ಮೊದಲು ಇಳಿದ ಮರಳೇ ಅರಿವೆಯೊಂದಿಗೆ ಮತ್ತೆ ವಾಹನಕ್ಕೆ ಏರುತ್ತದೆ. ಚಾವಣಿಯಿಂದ ಕೆಳಕ್ಕೆ ಬರಬೇಕು. ಗಾಲಿಯ ಪಕ್ಕದ ಭಾಗ ಕಡೆಗೆ, ಅದಕ್ಕೆ ಬೇರೆ ಅರಿವೆ. ನೆಲಕ್ಕೆ ಬಿದ್ದ ಅರಿವೆಯನ್ನು ಎಷ್ಟು ಕೊಡವಿದರೂ ಆ ದಿನ ಮತ್ತೆ ಬಳಸಕೂಡದು. ಕೊಳವೆಬಾವಿಯ ಗಡಸು ನೀರು ಒಣಗಿದಲ್ಲಿ ಸುಣ್ಣದ ಬಿಳಿ ಚುಕ್ಕೆಗಳನ್ನು ಬಿಡುವುದರಿಂದ ತೊಳೆದೊಡನೆ ಒತ್ತಿ ಒತ್ತಿ ನೀರು ಹೀರಿಸಬೇಕು. ಇಷ್ಟಕ್ಕೆ ಜೀಪಿಗೋ ಕಾರಿಗೋ ಮೂರು ನಾಲ್ಕು ಬಕೀಟು ನೀರು ಸಾಕು. ಪೈಪಿನ ಧಾರೆ ಬೇಕಿಲ್ಲ.

ಆದರೆ ಚೈತ್ರ ವೈಶಾಖಗಳಲ್ಲಿ ಕಾಲುವೆಗಳಲ್ಲಿ ನೀರು ನಿಂತು, ದೇವದುರ್ಗದ ಹಳ್ಳಿಗಳಲ್ಲಿ ಕುಡಿಯುವ ನೀರಿಗೇ ಕೊಡಗಳ ಸಾಲು ಹತ್ತುವ ದಿನಗಳಲ್ಲಿ ಆ ಮೂರು ಬಕೀಟುಗಳನ್ನೂ ವಾಹನಕ್ಕೆ ಸುರಿಯಲು ಯಾರ ಕೈಯೂ ಬಾರದು, ಬರಲೂಬಾರದು. ಆಗ ಮಾಡಬೇಕಾದುದು ಬಹು ಸುಲಭ: ಮುಂದಿನ ಗಾಜು, ಹಿಂದಿನ ಗಾಜು, ಕನ್ನಡಿಗಳು, ದೀಪಗಳು ಮತ್ತು ನಂಬರ್ ಪ್ಲೇಟು, ಇಷ್ಟನ್ನು ಒಂದು ತಂಬಿಗೆ ನೀರಿನಲ್ಲಿ ಒರಸಿಕೊಂಡು, ಉಳಿದ ಧೂಳನ್ನು ಕುಳಿತಲ್ಲಿಯೇ ಕೂರಗೊಟ್ಟು, ಒಣ ಅರಿವೆಯನ್ನು ಚಾಲಕನ ಕೈಗೆ ಸಿಗದಂತೆ ಎತ್ತಿಡುವುದು.